ಓದುಗರ ಪ್ರಶ್ನೆ, ನಮ್ಮ ಉತ್ತರ: ಪಯೋನಿಯರ್ ಕುಟುಂಬಗಳ ಕೊಠಡಿಯಲ್ಲಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ಓದುಗರಿಂದ ಈ ಬಾರಿ ಒಂದೇ ವಿಷಯದ ಮೇಲೆ ಹಲವು ಪತ್ರಗಳು ಬಂದಿವೆ. ಅಲ್ಲಿನ ಸಣ್ಣ ಊರುಗಳ ವಸ್ತುಸಂಗ್ರಹಾಲಯಗಳಲ್ಲಿ ಪಯೋನಿಯರ್ ಕುಟುಂಬಗಳಿಗೆಂದು, ಅಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಪೂರ್ವದಿಂದಲೂ ಯುರೋಪಿನಿಂದಲೂ ಬಂದು ಬಯಲುಸೀಮೆಯಲ್ಲಿ ಒಕ್ಕಲಾದ ಮನೆತನಗಳಿಗೆಂದು, ಒಂದು ಕೊಠಡಿ ಮೀಸಲಾಗಿರುತ್ತದೆ. ಪ್ರಶ್ನೆಗಳು ಆ ಕೊಠಡಿಯ ಕುರಿತಾಗಿಯೇ ಇರುವುದರಿಂದ ಅವನ್ನು ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಮಗಳ ಮನೆಗೆಂದು ನೆಬ್ರಾಸ್ಕಾ ರಾಜ್ಯಕ್ಕೆ ಹೋಗಿದ್ದಾಗ ಅಲ್ಲಿನ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ವಸ್ತುಸಂಗ್ರಹಾಲಯದಲ್ಲಿ ಪಯೋನಿಯರ್ ಕುಟುಂಬಗಳ ಪ್ರದರ್ಶನವನ್ನು ನೋಡಿದೆ. ಪ್ರತಿಯೊಂದು ಮನೆತನದ ಭಾವಚಿತ್ರ, ಬೈಬಲ್, ಮರದ ಪೆಟ್ಟಿಗೆ, ಬೆಣ್ಣೆ ಕಡೆಯುವ ಪೀಪಾಯಿ ಎಲ್ಲವೂ ಇದ್ದವು. ಇವರು ಬಂದ ವರ್ಷವನ್ನು ಬರೆದಿದ್ದರು; ಇವರಿಗೆ ಭೂಮಿ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಇದು ಮರೆವೋ, ಮರೆಮಾಚುವಿಕೆಯೋ?
(ನಿವೃತ್ತ ಶಿಕ್ಷಕಿ, ಧಾರವಾಡ)

ಉತ್ತರ: ಎರಡೂ ಅಲ್ಲದೆ ಇರಬಹುದು. ಇಂಥ ಪ್ರದರ್ಶನಗಳು ರೂಪುಗೊಳ್ಳುವ ಬಗೆಯಲ್ಲಿಯೇ ಈ ಕೊರತೆ ಅಡಗಿದೆ. ಕೌಂಟಿ ಮಟ್ಟದ ಸಂಗ್ರಹಾಲಯಗಳಲ್ಲಿ ಹೆಚ್ಚಿನವು ಸ್ಥಳೀಯ ಇತಿಹಾಸ ಸಂಘಗಳ ಕೈಯಲ್ಲಿವೆ. ಆ ಸಂಘಗಳ ಸದಸ್ಯರೂ ದಾನಿಗಳೂ ಬಹುಮಟ್ಟಿಗೆ ಅದೇ ಮನೆತನಗಳವರು. ಅವರು ಅಟ್ಟದಿಂದ ಇಳಿಸಿ ತಂದುಕೊಟ್ಟ ವಸ್ತುಗಳೇ ಸಂಗ್ರಹ, ಅವರು ಹೇಳಿದ ಕಥೆಯೇ ಫಲಕ. ಕುಟುಂಬದ ನೆನಪು ಸಾಮಾನ್ಯವಾಗಿ ಬಂಡಿ ಬಂದು ನಿಂತ ದಿನದಿಂದ ಆರಂಭವಾಗುತ್ತದೆಯೇ ಹೊರತು ಆ ನೆಲ ಸರ್ಕಾರದ ಕೈಗೆ ಹೇಗೆ ಬಂತು ಎಂಬಲ್ಲಿಂದ ಅಲ್ಲ. ಆದ್ದರಿಂದ ಫಲಕ ಬಿಟ್ಟದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಸೂಕ್ತ.

ನೀವು ನಿಂತಿದ್ದ ನೆಲ ಓಟೋ-ಮಿಸ್ಸೂರಿಯಾ, ಒಮಾಹಾ, ಪಾನೀ, ಪೊಂಕಾ ಮುಂತಾದ ಮೂಲನಿವಾಸಿ ಜನಾಂಗಗಳ ನಾಡು. ಬೇಸಾಯವನ್ನೂ ಬೈಸನ್ ಬೇಟೆಯನ್ನೂ ಕೂಡಿಸಿಕೊಂಡು ಬಾಳುತ್ತಿದ್ದ ಪಾನೀ ಜನರ ಮಣ್ಣಿನ ಮನೆಗಳ ಹಳ್ಳಿಗಳು ಪ್ಲ್ಯಾಟ್ ಮತ್ತು ಲೂಪ್ ನದಿಗಳ ದಂಡೆಯ ಮೇಲೆ ತಲೆಮಾರುಗಳಿಂದ ಇದ್ದವು. 1854ರ ಮಾರ್ಚ್ ತಿಂಗಳಿನಲ್ಲಿ ಓಟೋ-ಮಿಸ್ಸೂರಿಯಾ ಮತ್ತು ಒಮಾಹಾ ಜನಾಂಗಗಳು ಒಪ್ಪಂದಗಳ ಮೂಲಕ ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಡಬೇಕಾಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಸಂಸತ್ತು ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆಯ ಮೂಲಕ ಆ ಪ್ರದೇಶವನ್ನು ವಲಸೆಗಾರರಿಗೆ ತೆರೆಯಿತು. ಈ ಎರಡು ಘಟನೆಗಳ ನಡುವಿನ ಅಂತರವನ್ನು ಗಮನಿಸಿದರೆ ಒಪ್ಪಂದದ ಅವಸರ ಯಾರದಾಗಿತ್ತು ಎಂಬುದು ತಿಳಿಯುತ್ತದೆ. 1870ರ ದಶಕದಲ್ಲಿ ಪಾನೀ ಜನರು ಇಂದಿನ ಓಕ್ಲಹೋಮಕ್ಕೆ ಹೊರಟುಹೋದರು. 1877ರಲ್ಲಿ ಪೊಂಕಾ ಜನರನ್ನು ಬಲವಂತದಿಂದ ಅಲ್ಲಿಗೇ ಸಾಗಿಸಲಾಯಿತು. 1881ರಲ್ಲಿ ಓಟೋ-ಮಿಸ್ಸೂರಿಯಾ ಜನರೂ ಉಳಿದಿದ್ದ ತುಂಡು ನೆಲವನ್ನು ತೊರೆದರು.

ಹೀಗೆ ಸರ್ಕಾರದ ವಶಕ್ಕೆ ಬಂದ ಭೂಮಿಯನ್ನು ಭೂಮಾಪಕರು ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಗಳಾಗಿ ಅಳೆದರು. ಒಂದು ಚೌಕವೆಂದರೆ 640 ಎಕರೆ. ಅದರ ಕಾಲುಭಾಗ 160 ಎಕರೆ. ಅಬ್ರಹಾಂ ಲಿಂಕನ್ 1862ರ ಮೇ 20ರಂದು ಸಹಿ ಮಾಡಿದ ಹೋಮ್‌ಸ್ಟೆಡ್ ಕಾಯ್ದೆಯು ಈ ಕಾಲುಭಾಗವನ್ನೇ ಒಬ್ಬ ಅರ್ಜಿದಾರರಿಗೆ ಗರಿಷ್ಠ ಮಿತಿಯೆಂದು ಗೊತ್ತುಪಡಿಸಿತು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು ಅಥವಾ ಅವರು ಕುಟುಂಬದ ಯಜಮಾನಿಕೆ ಹೊತ್ತವರಾಗಿರಬೇಕು. ಅಮೆರಿಕದ ಪ್ರಜೆಯಾಗಿರಬೇಕು ಅಥವಾ ಪ್ರಜೆಯಾಗುವ ಇಚ್ಛೆಯನ್ನು ದಾಖಲಿಸಿರಬೇಕು. ಆ ದೇಶದ ವಿರುದ್ಧ ಆಯುಧ ಹಿಡಿದಿರಬಾರದು. ಅಲ್ಲಿ ಮನೆ ಕಟ್ಟಿ, ಉತ್ತು ಬಿತ್ತಿ, ಐದು ವರ್ಷ ನೆಲೆಸಿ, ಇಬ್ಬರು ಸಾಕ್ಷಿಗಳಿಂದ ಅದನ್ನು ದೃಢಪಡಿಸಿದರೆ ಹಕ್ಕುಪತ್ರ ಸಿಗುತ್ತಿತ್ತು. ಎಲ್ಲ ಶುಲ್ಕ ಸೇರಿ ತಗಲುತ್ತಿದ್ದುದು ಸುಮಾರು 18 ಡಾಲರ್. ಐದು ವರ್ಷ ಕಾಯಲಾರದವರು ಆರು ತಿಂಗಳ ಬಳಿಕ ಎಕರೆಗೆ 1.25 ಡಾಲರಿನಂತೆ ಕಟ್ಟಿ ಕೊಂಡುಕೊಳ್ಳಬಹುದಿತ್ತು.

ಈ ಕಾಯ್ದೆಯಡಿ ಒಟ್ಟಾರೆ ಸುಮಾರು 16 ಲಕ್ಷ ಹಕ್ಕುಪತ್ರಗಳ ಮೂಲಕ ಸುಮಾರು 27 ಕೋಟಿ ಎಕರೆ, ಅಂದರೆ ಇಡೀ ಅಮೆರಿಕದ ನೆಲದ ಹತ್ತನೆಯ ಒಂದು ಭಾಗದಷ್ಟು, ಖಾಸಗಿಯವರ ಕೈಸೇರಿತು. ನೆಬ್ರಾಸ್ಕಾ ಒಂದರಲ್ಲಿಯೇ ರಾಜ್ಯದ ಸುಮಾರು ಶೇಕಡ 45ರಷ್ಟು ಭೂಮಿ ಹೀಗೆ ಹಂಚಿಕೆಯಾಯಿತು. ಇದನ್ನು ಹೇಳುವುದರಿಂದ ಆ ಕುಟುಂಬಗಳ ದುಡಿಮೆ ಕಿರಿದಾಗುವುದಿಲ್ಲ. ಬರ, ಮಿಡತೆಗಳ ದಾಳಿ, ಹಿಮಗಾಳಿ ಎಲ್ಲವನ್ನೂ ಅವರು ಎದುರಿಸಿದ್ದು ನಿಜ. ಆದರೆ ಪರಂಪರೆಯ ಮಾತು ಬಂದಾಗ ಬೆಣ್ಣೆಯ ಪೀಪಾಯಿಗಿಂತ ಬಹು ದೊಡ್ಡ ಬಳುವಳಿ ಆ ಹಕ್ಕುಪತ್ರವೇ ಆಗಿತ್ತು. ಅಡವಿಡಲು, ಮಾರಲು, ಮಕ್ಕಳಿಗೆ ಬಿಟ್ಟುಹೋಗಲು ಬರುವ ಆಸ್ತಿಯದು. ಅದರ ಒಂದು ನಕಲನ್ನೂ ಪಕ್ಕದಲ್ಲಿ ಒಪ್ಪಂದದ ನಕ್ಷೆಯನ್ನೂ ತೂಗುಹಾಕಿದ್ದರೆ ನಿಮ್ಮ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಮತ್ತೊಮ್ಮೆ ಆ ಕಡೆ ಹೋಗುವುದಾದರೆ ಬಿಯಾಟ್ರಿಸ್ ಎಂಬ ಊರಿನ ಬಳಿಯಿರುವ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನವನ್ನು ನೋಡಿ ಬನ್ನಿ. ಕಾಯ್ದೆ ಜಾರಿಗೆ ಬಂದ 1863ರ ಜನವರಿ 1ರಂದೇ ಅರ್ಜಿ ಸಲ್ಲಿಸಿದ ಡೇನಿಯಲ್ ಫ್ರೀಮನ್ ಎಂಬವನ ಜಮೀನು ಅದು. ಅಲ್ಲಿ ಕಾಯ್ದೆಗೆ ಒಳಪಟ್ಟ 30 ರಾಜ್ಯಗಳ ಆಕಾರದ ಲೋಹದ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದರಲ್ಲಿಯೂ ಹಂಚಿಕೆಯಾದ ನೆಲದ ಪ್ರಮಾಣದಷ್ಟು ಭಾಗವನ್ನು ಕತ್ತರಿಸಿ ತೆಗೆದಿದ್ದಾರೆ. ನೂರು ಪುಟ ಓದಿದರೂ ಮನಸ್ಸಿಗೆ ಹತ್ತದ ಲೆಕ್ಕ ಅಲ್ಲಿ ಕಣ್ಣಿಗೆ ಕಾಣುತ್ತದೆ. ಇದೇ ಫ್ರೀಮನ್ ತನ್ನ ಊರಿನ ಶಾಲೆಯಲ್ಲಿ ಶಿಕ್ಷಕಿಯೊಬ್ಬರು ಬೈಬಲ್ ಬೋಧಿಸುವುದನ್ನು ಆಕ್ಷೇಪಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದ; 1902ರಲ್ಲಿ ನೆಬ್ರಾಸ್ಕಾದ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ನೀಡಿತು. ಪಯೋನಿಯರ್ ಎಂದೊಡನೆ ಕೈಯಲ್ಲಿ ಬೈಬಲ್ ಹಿಡಿದ ಗಡ್ಡದ ಹಿರಿಯನನ್ನೇ ಕಲ್ಪಿಸಿಕೊಳ್ಳುವವರಿಗೆ ಈ ಪ್ರಕರಣವನ್ನು ನೆನಪಿಸುವುದು ನನಗೆ ಪ್ರಿಯವಾದ ಕೆಲಸ.

ಪ್ರಶ್ನೆ: ಹುಲ್ಲುಮಣ್ಣಿನಿಂದ ಕಟ್ಟಿದ ಮನೆಯ ಮಾದರಿಯೊಂದು ಅಲ್ಲಿತ್ತು. ಅದರ ಪಕ್ಕದ ಹಳೆಯ ಛಾಯಾಚಿತ್ರದಲ್ಲಿ ಇಡೀ ಕುಟುಂಬ ಮೇಜು, ಕುರ್ಚಿ, ಹಾರ್ಮೋನಿಯಂನಂಥ ವಾದ್ಯ ಸಮೇತ ಬಯಲಿನಲ್ಲಿ ನಿಂತಿತ್ತು. ಮನೆಯ ಸಾಮಾನನ್ನೆಲ್ಲ ಏಕೆ ಹೊರಗೆ ತಂದಿದ್ದಾರೆ?
(ಸಿವಿಲ್ ಎಂಜಿನಿಯರ್, ಹಾಸನ)

ಉತ್ತರ: ಮರವೇ ವಿರಳವಾದ ಆ ಬಯಲಿನಲ್ಲಿ ಹುಲ್ಲಿನ ಬೇರು ಹೆಣೆದುಕೊಂಡ ಮೇಲ್ಮಣ್ಣೇ ಇಟ್ಟಿಗೆ. ವಿಶೇಷ ಬಗೆಯ ನೇಗಿಲಿನಿಂದ ಅದನ್ನು ಪಟ್ಟಿಯಾಗಿ ಎಬ್ಬಿಸಿ, ಹೆಚ್ಚುಕಡಿಮೆ ಮೂರು ಅಡಿ ಉದ್ದ, ಒಂದು ಅಡಿ ಅಗಲ, ನಾಲ್ಕು ಅಂಗುಲ ದಪ್ಪದ ಹೆಂಟೆಗಳಾಗಿ ಕತ್ತರಿಸಿ, ಹುಲ್ಲಿನ ಮುಖವನ್ನು ಕೆಳಗೆ ಮಾಡಿ ಗೋಡೆ ಕಟ್ಟುತ್ತಿದ್ದರು. ಗೋಡೆ ದಪ್ಪವಾಗಿದ್ದುದರಿಂದ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಮಳೆ ಬಂದರೆ ಚಾವಣಿ ಸೋರುತ್ತಿತ್ತು. ನಿಂತ ಮೇಲೂ ಒಳಗೆ ಕೆಸರು ತೊಟ್ಟಿಕ್ಕುತ್ತಿತ್ತು. ಮಣ್ಣು, ಹುಳು, ಕೆಲವೊಮ್ಮೆ ಹಾವು ಕೂಡ ಬೀಳದಂತೆ ಒಳಗಡೆ ತೆಳುವಾದ ಬಟ್ಟೆಯನ್ನು ಕಟ್ಟುತ್ತಿದ್ದರು. ಸೌದೆ ಇಲ್ಲದ ಕಡೆ ಒಣಗಿದ ಸಗಣಿ, ಹೊಸೆದ ಹುಲ್ಲು, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಇವೇ ಒಲೆಗೆ ಉರುವಲು.

ನೀವು ನೋಡಿದ ಚಿತ್ರ ಸಾಲಮನ್ ಬುಚರ್ ಎಂಬ ಛಾಯಾಗ್ರಾಹಕನದ್ದೋ ಅವನ ಮಾದರಿಯದ್ದೋ ಆಗಿರಬೇಕು. 1886ರಿಂದ ಆತ ನೆಬ್ರಾಸ್ಕಾದ ಕಸ್ಟರ್ ಕೌಂಟಿಯಲ್ಲಿ ಮನೆಯಿಂದ ಮನೆಗೆ ಬಂಡಿಯಲ್ಲಿ ತಿರುಗಿ ಒಕ್ಕಲು ಕುಟುಂಬಗಳ ಚಿತ್ರ ತೆಗೆದ. ಅವನ 3,000ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಇಂದು ರಾಜ್ಯದ ಇತಿಹಾಸ ಸಂಸ್ಥೆಯಲ್ಲಿವೆ. ಒಳಗೆ ಬೆಳಕು ಸಾಲದಿದ್ದುದು ಹೊರಗೆ ನಿಲ್ಲಿಸಲು ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ಈ ಚಿತ್ರಗಳು ಪೂರ್ವದಲ್ಲಿ ಉಳಿದ ಬಂಧುಗಳಿಗೆ ಅಂಚೆಯಲ್ಲಿ ಹೋಗುತ್ತಿದ್ದವು, ಆದ್ದರಿಂದ ತಾವು ಕೆಟ್ಟುಹೋಗಿಲ್ಲ ಎಂದು ತೋರಿಸಬಲ್ಲ ವಸ್ತುಗಳೆಲ್ಲ ಚೌಕಟ್ಟಿನೊಳಗೆ ಬರಬೇಕಿತ್ತು. ಒಂದು ಕುಟುಂಬದ ಗೃಹಿಣಿಯಂತೂ ತನ್ನ ಮಣ್ಣಿನ ಮನೆಯನ್ನು ಬಂಧುಮಿತ್ರರು ಕಾಣಬಾರದೆಂದು ವಾದ್ಯವನ್ನು ಅಂಗಳಕ್ಕೆ ಹೊರಿಸಿ, ಮನೆಯೇ ಕಾಣದಂತೆ ಚಿತ್ರ ತೆಗೆಸಿಕೊಂಡಳು. ಅವರ ಬಡತನಕ್ಕೆ ಸಾಕ್ಷಿಯೆಂದು ಇಂದು ತೂಗುಹಾಕಿರುವ ಚಿತ್ರಗಳನ್ನು ಅವರು ತೆಗೆಸಿಕೊಂಡದ್ದು ತಮ್ಮ ಏಳಿಗೆಗೆ ಸಾಕ್ಷಿಯೆಂದು. ಫಲಕ ಇದನ್ನು ಹೇಳದಿದ್ದರೆ ಚಿತ್ರದ ಅರ್ಧಭಾಗ ನೋಡುಗರಿಗೆ ತಲುಪುವುದಿಲ್ಲ.

ಪ್ರಶ್ನೆ: ಹೆಂಗಸರ ಪಾಲಿಗೆ ಆ ಕೊಠಡಿಯಲ್ಲಿ ಕಂಡದ್ದು ಹೊಲಿಗೆ, ಅಡುಗೆ, ತೊಟ್ಟಿಲು ಅಷ್ಟೆ. ಅವರಿಗೆ ಭೂಮಿ ದೊರೆಯುತ್ತಿರಲಿಲ್ಲವೇ?
(ಓದುಗರು, ಪುತ್ತೂರು)

ಉತ್ತರ: ದೊರೆಯುತ್ತಿತ್ತು. ಮದುವೆಯಾಗದ, ವಿಧವೆಯಾದ, ವಿಚ್ಛೇದನ ಪಡೆದ ಹೆಂಗಸರು ತಮ್ಮದೇ ಹೆಸರಿನಲ್ಲಿ ಅರ್ಜಿ ಸಲ್ಲಿಸಬಹುದಿತ್ತು. ಆ ದೇಶದಲ್ಲಿ ಮಹಿಳೆಯರೆಲ್ಲರಿಗೂ ಮತದಾನದ ಹಕ್ಕು ಸಂವಿಧಾನದ ಮೂಲಕ ಬಂದದ್ದು 1920ರಲ್ಲಿ. ಭೂಮಿಯ ಅರ್ಜಿಗೆ ಅವಕಾಶ ಅದಕ್ಕಿಂತ ಅರ್ಧ ಶತಮಾನಕ್ಕೂ ಹಿಂದೆಯೇ ಇತ್ತು. ಆದರೆ ಗಂಡನೊಂದಿಗೆ ಬಾಳುತ್ತಿದ್ದ ಹೆಂಡತಿಗೆ ಸಾಮಾನ್ಯವಾಗಿ ಆ ಅವಕಾಶವಿರಲಿಲ್ಲ, ಯಜಮಾನ ಗಂಡನೆಂದೇ ಕಾನೂನು ಭಾವಿಸಿತ್ತು. ಬುಚರ್ 1886ರಲ್ಲಿ ತೆಗೆದ ಪ್ರಸಿದ್ಧ ಚಿತ್ರವೊಂದರಲ್ಲಿ ಕ್ರಿಸ್ಮನ್ ಮನೆತನದ ನಾಲ್ವರು ಅಕ್ಕತಂಗಿಯರು ಹುಲ್ಲುಮಣ್ಣಿನ ಮನೆಯ ಮುಂದೆ ಸಾಲಾಗಿ ನಿಂತಿದ್ದಾರೆ. ಅವರಲ್ಲಿ ಹಿರಿಯವಳು ತನ್ನದೇ ಹೆಸರಿನಲ್ಲಿ ಜಮೀನಿಗೆ ಅರ್ಜಿ ಸಲ್ಲಿಸಿದಳು.

ಹಾಗೆಂದು ಹೊಲಿಗೆಯನ್ನು ಕಡೆಗಣಿಸಬೇಡಿ. ನಮ್ಮ ಕೌದಿಯಂತೆಯೇ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಆ ಹೊದಿಕೆಗಳಲ್ಲಿ ಕೆಲವು, ಊರು ಬಿಟ್ಟು ಹೊರಟವಳಿಗೆ ನೆರೆಯ ಹೆಂಗಸರು ಒಂದೊಂದು ತುಂಡಿನ ಮೇಲೆ ತಮ್ಮ ಹೆಸರು ಬರೆದೋ ಕಸೂತಿ ಮಾಡಿಯೋ ಕೊಟ್ಟ ಕಾಣಿಕೆಗಳು. ಹೊದಿಕೆಯ ಮೇಲೆ ಹತ್ತಾರು ಹೆಂಗಸರು ಸ್ವಂತ ಹೆಸರಿನಿಂದ ಉಳಿದಿದ್ದರೂ ಕೆಳಗಿನ ಫಲಕವು ಅದನ್ನು ಇಂಥವರ ಪತ್ನಿಯ ವಸ್ತು ಎಂದಷ್ಟೇ ಗುರುತಿಸುವುದನ್ನು ಕಂಡಾಗ ಬೇಸರವಾಗುತ್ತದೆ.

ಪ್ರಶ್ನೆ: ಪಯೋನಿಯರ್ ಕುಟುಂಬಗಳೆಲ್ಲ ಬಿಳಿಯರೇ ಆಗಿದ್ದರೇ? ಭಾರತದಿಂದ ಹೋದವರು ಯಾರೂ ಇರಲಿಲ್ಲವೇ?
(ಸ್ನಾತಕೋತ್ತರ ವಿದ್ಯಾರ್ಥಿ, ಮೈಸೂರು)

ಉತ್ತರ: ಎಲ್ಲರೂ ಬಿಳಿಯರಾಗಿರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನರು ಕೆಂಟಕಿಯಿಂದ ಹೊರಟು 1877ರಲ್ಲಿ ಕಾನ್ಸಾಸ್ ರಾಜ್ಯದಲ್ಲಿ ನಿಕೋಡೀಮಸ್ ಎಂಬ ಊರನ್ನು ಕಟ್ಟಿದರು. ಅದು ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ನೆಲಗಡಲೆಯ ಸಂಶೋಧನೆಯಿಂದ ಹೆಸರಾದ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕೂಡ 1880ರ ದಶಕದಲ್ಲಿ ಕಾನ್ಸಾಸ್‌ನಲ್ಲಿ ಹೋಮ್‌ಸ್ಟೆಡ್ ಜಮೀನು ಹಿಡಿದು ಹುಲ್ಲುಮಣ್ಣಿನ ಮನೆ ಕಟ್ಟಿಕೊಂಡಿದ್ದರು. ಚೀನೀಯರಿಗೆ ಮಾತ್ರ ದಾರಿ ಮುಚ್ಚಿತ್ತು. ಖಂಡದ ಉದ್ದಕ್ಕೂ ಹಾದುಹೋದ ರೈಲುಮಾರ್ಗದ ಪಶ್ಚಿಮ ಭಾಗವನ್ನು ಹಾಸಿದವರಲ್ಲಿ ಅವರೇ ಹೆಚ್ಚಿನವರಾಗಿದ್ದರೂ ಅವರು ಪ್ರಜೆಗಳಾಗಲು ಕಾನೂನು ಒಪ್ಪುತ್ತಿರಲಿಲ್ಲ, ಪ್ರಜೆಯಾಗಲಾರದವರಿಗೆ ಹೋಮ್‌ಸ್ಟೆಡ್ ಇಲ್ಲ.

ಭಾರತೀಯರ ಕಥೆ ಹೋಮ್‌ಸ್ಟೆಡ್ ಬಯಲಿನದ್ದಲ್ಲ, ಕ್ಯಾಲಿಫೋರ್ನಿಯಾದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜಾಬಿನಿಂದ ಹೋದವರು, ಹೆಚ್ಚಿನವರು ಸಿಖ್ಖರು, ಮರದ ಕಾರ್ಖಾನೆಗಳಲ್ಲಿಯೂ ರೈಲುಮಾರ್ಗಗಳಲ್ಲಿಯೂ ದುಡಿದು ಬಳಿಕ ಸ್ಯಾಕ್ರಮೆಂಟೊ ಮತ್ತು ಇಂಪೀರಿಯಲ್ ಕಣಿವೆಗಳಲ್ಲಿ ಬೇಸಾಯಕ್ಕಿಳಿದರು. 1912ರಲ್ಲಿ ಸ್ಟಾಕ್‌ಟನ್ ಗುರುದ್ವಾರ ಸ್ಥಾಪನೆಯಾಯಿತು. ಮರುವರ್ಷವೇ ಕ್ಯಾಲಿಫೋರ್ನಿಯಾ ರಾಜ್ಯವು ಪ್ರಜೆಯಾಗಲು ಅರ್ಹರಲ್ಲದ ವಿದೇಶೀಯರು ಕೃಷಿಭೂಮಿ ಹೊಂದಬಾರದೆಂದು ಕಾನೂನು ಮಾಡಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪ್ರಜೆಗಳಾಗಲಾರರು ಎಂದು ತೀರ್ಪಿತ್ತಿತು. ವಲಸೆಯ ನಿರ್ಬಂಧದಿಂದಾಗಿ ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲಾಗದ ಹಲವರು ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾದರು. ಜಮೀನನ್ನು ನಂಬಿಕೆಯ ಪರಿಚಿತರ ಹೆಸರಿನಲ್ಲಿಯೋ ಅಲ್ಲಿಯೇ ಹುಟ್ಟಿ ಪ್ರಜೆಗಳಾದ ಮಕ್ಕಳ ಹೆಸರಿನಲ್ಲಿಯೋ ಇಟ್ಟವರಿದ್ದಾರೆ. ಪೌರತ್ವದ ಬಾಗಿಲು ತೆರೆದದ್ದು 1946ರ ಕಾಯ್ದೆಯಿಂದ. ಹತ್ತು ವರ್ಷಗಳ ನಂತರ, 1956ರಲ್ಲಿ, ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿದ್ದ ದಲೀಪ್ ಸಿಂಗ್ ಸೌಂಡ್ ಅಮೆರಿಕದ ಸಂಸತ್ತಿನ ಕೆಳಮನೆಗೆ ಚುನಾಯಿತರಾದರು.

ಈ ಮನೆತನಗಳ ಸಂದರ್ಶನಗಳನ್ನೂ ಭಾವಚಿತ್ರಗಳನ್ನೂ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪಂಜಾಬಿ ಪಯೋನಿಯರ್‌ಗಳ ಡಿಜಿಟಲ್ ಸಂಗ್ರಹವಾಗಿ ಅಂತರ್ಜಾಲದಲ್ಲಿ ಇರಿಸಿದೆ. ಅಧ್ಯಯನಕ್ಕೆ ವಿಷಯ ಹುಡುಕುತ್ತಿರುವವರು ಅದನ್ನು ತೆರೆದು ನೋಡಬಹುದು. 160 ಎಕರೆ ಉಚಿತವಾಗಿ ಪಡೆದವರ ಫಲಕಗಳನ್ನೂ ಗುತ್ತಿಗೆಯ ನೆಲದಲ್ಲಿ ಬೇರೊಬ್ಬರ ಹೆಸರಿನಡಿ ಉತ್ತವರ ಸಂದರ್ಶನಗಳನ್ನೂ ಒಟ್ಟಿಗಿಟ್ಟು ಓದಿದಾಗ ಮಾತ್ರ ಪಯೋನಿಯರ್ ಕುಟುಂಬಗಳಲ್ಲಿ ಯಾರಿಗೆ ಯಾವುದು ದಕ್ಕಿತು ಎಂಬುದು ಸ್ಪಷ್ಟವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಾವು ಹೋಗಿದ್ದ ಸಂಗ್ರಹಾಲಯದಲ್ಲಿ ಮೂಲನಿವಾಸಿಗಳ ವಸ್ತುಗಳಿದ್ದ ಗಾಜಿನ ಪೆಟ್ಟಿಗೆಗಳನ್ನು ಕಾಗದದಿಂದ ಮುಚ್ಚಿದ್ದರು. ದುರಸ್ತಿಯೇ?
(ಓದುಗರು, ಬೆಂಗಳೂರು)

ಉತ್ತರ: ಹೆಚ್ಚಿನ ಪಕ್ಷ ಕಾನೂನಿನ ಕಾರಣ. 1990ರ ಒಂದು ಕೇಂದ್ರ ಕಾಯ್ದೆಯ ಪ್ರಕಾರ, ಸರ್ಕಾರದ ಹಣ ಪಡೆಯುವ ಸಂಗ್ರಹಾಲಯಗಳು ಮೂಲನಿವಾಸಿಗಳ ಅಸ್ಥಿಗಳನ್ನು, ಸಮಾಧಿಯಿಂದ ಬಂದ ವಸ್ತುಗಳನ್ನು, ಪವಿತ್ರ ವಸ್ತುಗಳನ್ನು ಪಟ್ಟಿ ಮಾಡಿ ಸಂಬಂಧಪಟ್ಟ ಜನಾಂಗಗಳಿಗೆ ಮರಳಿಸಬೇಕು. 2024ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಇಂಥವನ್ನು ಪ್ರದರ್ಶಿಸುವ ಮುನ್ನವೇ ಆ ಜನಾಂಗಗಳ ಒಪ್ಪಿಗೆ ಪಡೆಯಬೇಕೆಂದು ವಿಧಿಸಿವೆ. ಒಪ್ಪಿಗೆ ಬರುವ ತನಕ ಹಲವು ಸಂಗ್ರಹಾಲಯಗಳು ಪೆಟ್ಟಿಗೆಗಳನ್ನು ಮುಚ್ಚಿದವು, ಕೆಲವು ಇಡೀ ಕೊಠಡಿಗಳಿಗೇ ಬೀಗ ಹಾಕಿದವು.

ಪ್ರಶ್ನೆ: ಮೊಮ್ಮಗನ ಶಾಲೆಯಲ್ಲಿ ಪ್ರದರ್ಶನದ ಒಂದು ಕುಟುಂಬವನ್ನು ಆರಿಸಿ ಪ್ರಬಂಧ ಬರೆಯಲು ಹೇಳಿದ್ದಾರೆ. ಫಲಕದ ಮಾತನ್ನೇ ನಕಲು ಮಾಡದೆ ಇನ್ನೇನಾದರೂ ಸಿಗುತ್ತದೆಯೇ?
(ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ)

ಉತ್ತರ: ಧಾರಾಳವಾಗಿ ಸಿಗುತ್ತದೆ. ಅಮೆರಿಕದ ಭೂ ನಿರ್ವಹಣಾ ಇಲಾಖೆಯು ಹಳೆಯ ಹಕ್ಕುಪತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ರಾಜ್ಯ, ಕೌಂಟಿ, ಮನೆತನದ ಹೆಸರು ಕೊಟ್ಟು ಹುಡುಕಿದರೆ ಪತ್ರದ ಚಿತ್ರವೇ ದೊರೆಯುತ್ತದೆ. ಅದರಲ್ಲಿರುವ ಸಂಖ್ಯೆಗಳನ್ನು ಹಿಡಿದು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಿಂದ ಅರ್ಜಿಯ ಪೂರ್ಣ ಕಡತವನ್ನು ತರಿಸಿಕೊಳ್ಳಬಹುದು. ರಸವತ್ತಾದದ್ದು ಇರುವುದು ಈ ಕಡತದಲ್ಲಿಯೇ. ಮನೆ ಎಷ್ಟು ಅಡಿ ಉದ್ದ, ಎಷ್ಟು ಕಿಟಕಿ, ಬಾವಿ ತೋಡಿದ್ದಾರೋ ಇಲ್ಲವೋ, ಎಷ್ಟು ಎಕರೆ ಉತ್ತಿದ್ದಾರೆ, ಯಾವ ಬೆಳೆ, ನಡುವೆ ಊರು ಬಿಟ್ಟು ಹೋಗಿದ್ದರೆ ಏಕೆ ಎಂಬ ಪ್ರಶ್ನೆಗಳಿಗೆ ಅರ್ಜಿದಾರರೂ ನೆರೆಹೊರೆಯ ಸಾಕ್ಷಿಗಳೂ ಪ್ರಮಾಣ ಮಾಡಿ ಕೊಟ್ಟ ಉತ್ತರಗಳು ಅದರಲ್ಲಿರುತ್ತವೆ. ಹೊರದೇಶದಿಂದ ಬಂದವರಾಗಿದ್ದರೆ ಪೌರತ್ವದ ಕಾಗದಗಳೂ ಇರುವ ಸಂಭವವಿದೆ.

ಹುಡುಗನಿಗೆ ಇನ್ನೂ ಒಂದು ಸೂಚನೆ ಕೊಡಿ. ಅರ್ಜಿ ಹಾಕಿದ ಎಲ್ಲರೂ ಐದು ವರ್ಷ ಪೂರೈಸಲಿಲ್ಲ. ಬರಕ್ಕೆ, ಸಾಲಕ್ಕೆ, ಕಾಯಿಲೆಗೆ ಸೋತು ಬಂಡಿ ಹಿಂದಕ್ಕೆ ತಿರುಗಿಸಿದವರು ಲಕ್ಷಾಂತರ ಮಂದಿ. ಸಂಗ್ರಹಾಲಯಕ್ಕೆ ಪೆಟ್ಟಿಗೆಯನ್ನೋ ಬೈಬಲನ್ನೋ ಕೊಡಲು ಅವರ ವಂಶದವರು ಆ ಕೌಂಟಿಯಲ್ಲಿ ಇರಲಿಲ್ಲವಾದ್ದರಿಂದ ಗೋಡೆಯ ಮೇಲೆ ಅವರ ಚಿತ್ರವಿಲ್ಲ. ಆದರೆ ರದ್ದಾದ ಅರ್ಜಿಗಳ ಕಡತಗಳನ್ನೂ ಭಂಡಾರವು ಕಾದಿರಿಸಿದೆ. ಗೋಡೆಯ ಮೇಲಿರುವ ಒಂದು ಕುಟುಂಬದ ಜಮೀನಿಗೆ ಅದಕ್ಕೂ ಮೊದಲು ಬೇರೆ ಯಾರಾದರೂ ಅರ್ಜಿ ಹಾಕಿ ಕೈಬಿಟ್ಟಿದ್ದರೇ ಎಂಬುದನ್ನು ಆ ಚೌಕದ ಸಂಖ್ಯೆಯ ಮೂಲಕ ಭೂ ಕಚೇರಿಯ ಹಳೆಯ ವಹಿಗಳಲ್ಲಿ ಪತ್ತೆ ಮಾಡಬಹುದು. ಕಡತ ಕೈಸೇರಲು ಕೆಲವು ವಾರಗಳು ಹಿಡಿಯಬಹುದಾದ್ದರಿಂದ ಪ್ರಬಂಧ ಸಲ್ಲಿಸುವ ದಿನಾಂಕವನ್ನು ಮೊದಲೇ ವಿಚಾರಿಸಿಕೊಂಡು ಅರ್ಜಿ ಕಳುಹಿಸುವುದು ಒಳ್ಳೆಯದು.